ಬಾವುಟ, ಗಾಳಿ, ಮನಸ್ಸು

ಪುಣೆ ಬಳಿಯ ರಾಂಜಣಗಾಂವದ ಮಹಾಗಣಪತಿ ಅಷ್ಟವಿನಾಯಕರಲ್ಲಿ ಒಬ್ಬ. ಗುಡಿಯ ಮುಖ ಪೂರ್ವಕ್ಕೆ. ದಕ್ಷಿಣಾಯನದಲ್ಲಿ ಸೂರ್ಯನ ಕಿರಣ ಮೂರ್ತಿಯ ಮೇಲೆ ಬೀಳುವ ಹಾಗೆ ಅದನ್ನು ಕಟ್ಟಿದ್ದಾರೆಂದು ಹೇಳುತ್ತಾರೆ. ಸೂರ್ಯ ದಕ್ಷಿಣಕ್ಕೆ ಸರಿಯುವುದಿಲ್ಲ, ಓರೆಯಾಗಿ ನಿಂತು ಸುತ್ತುವುದು ಭೂಮಿ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೂ ಅಯನದ ಲೆಕ್ಕ ತಪ್ಪುವುದಿಲ್ಲ. ಕಾಣುವ ಚಲನೆ ಒಂದು, ಇರುವ ಚಲನೆ ಇನ್ನೊಂದು. ಇವೆರಡರ ನಡುವಿನ ಅಂತರವನ್ನು ಬೌದ್ಧ ಚಿಂತಕರಷ್ಟು ಪಟ್ಟುಹಿಡಿದು ಬೆನ್ನಟ್ಟಿದವರು ಕಡಿಮೆ. ಅವರು ಎಲ್ಲಿ ಗೆದ್ದರು, ಎಲ್ಲಿ ಅವರ ಮಾತು ನಮ್ಮನ್ನು ಒಪ್ಪಿಸುವುದಿಲ್ಲ ಎಂದು ತೂಗಿ ನೋಡಬೇಕು.

ಚೀನಾದ ಝೆನ್ ಪರಂಪರೆಯಲ್ಲಿ ಒಂದು ಪ್ರಸಿದ್ಧ ಕಥೆಯಿದೆ. ಬಾವುಟ ಅಲುಗುತ್ತಿತ್ತು. ಅಲುಗುವುದು ಗಾಳಿ ಎಂದು ಒಬ್ಬ ಭಿಕ್ಷು, ಬಾವುಟ ಎಂದು ಇನ್ನೊಬ್ಬ. ಏಳನೆಯ ಶತಮಾನದ ಗುರು ಹುಯಿನೆಂಗ್ ನಡುವೆ ಬಂದು, ಎರಡೂ ಅಲ್ಲ, ಅಲುಗುತ್ತಿರುವುದು ನಿಮ್ಮ ಮನಸ್ಸು ಎಂದನಂತೆ. ಕೇಳಿದೊಡನೆ ಮರುಳಾಗಿಸುವ ಮಾತು. ಆದರೆ ಅದನ್ನು ಪರೀಕ್ಷಿಸಲು ಮಠಕ್ಕಿಂತ ರಾಂಜಣಗಾಂವದ ಎಂಐಡಿಸಿಯಂಥ ಕಾರ್ಖಾನೆಗಳ ಜಾಗವೇ ಒಳ್ಳೆಯದು.

ನಮ್ಮ ವಿದ್ಯುತ್ತು ಸೆಕೆಂಡಿಗೆ 100 ಬಾರಿ ದಿಕ್ಕು ಬದಲಿಸುತ್ತದೆ. ಹಾಗಾಗಿ ಹಳೆಯ ಚೋಕ್ ಇರುವ ಟ್ಯೂಬ್‌ಲೈಟು ಸೆಕೆಂಡಿಗೆ 100 ಬಾರಿ ಮಂಕಾಗಿ ಮತ್ತೆ ಬೆಳಗುತ್ತದೆ. ಕಣ್ಣಿಗೆ ಅದು ತಿಳಿಯುವುದಿಲ್ಲ. ಆ ಬೆಳಕಿನ ತಾಳಕ್ಕೆ ಲೇತ್ ಯಂತ್ರದ ತಿರುಗುವ ವೇಗ ಹೊಂದಿಬಿಟ್ಟರೆ, ಭರದಿಂದ ಸುತ್ತುವ ಭಾಗ ನಿಂತಂತೆ, ಕೆಲವೊಮ್ಮೆ ಹಿಂದಕ್ಕೆ ತಿರುಗಿದಂತೆ ಕಾಣುತ್ತದೆ. ಅದಕ್ಕೇ ಅಂಥ ಕಡೆ ದೀಪಗಳನ್ನು ಮೂರು ಫೇಸ್‌ಗಳಿಗೆ ಹಂಚುತ್ತಾರೆ, ಇಲ್ಲವೇ ಎಲೆಕ್ಟ್ರಾನಿಕ್ ಚೋಕ್ ಹಾಕುತ್ತಾರೆ. ಇಲ್ಲಿ ಬೌದ್ಧರ ಅರ್ಧ ಮಾತು ಪೂರ್ತಿ ನಿಜ. ಚಲನೆಯನ್ನು ನಾವು ಇದ್ದಂತೆ ಪಡೆಯುವುದಿಲ್ಲ, ಬಿಡಿ ಬಿಡಿ ನೋಟಗಳಿಂದ ಮನಸ್ಸು ಅದನ್ನು ಹೆಣೆಯುತ್ತದೆ. 1983ರಲ್ಲಿ ಜರ್ಮನಿಯ ಸಂಶೋಧಕರು ವರದಿ ಮಾಡಿದ ಮಹಿಳೆಯೊಬ್ಬಳಿಗೆ ಮಿದುಳಿನ ಹಿಂಭಾಗದ ಹಾನಿಯಿಂದ ಈ ಹೆಣಿಗೆಯೇ ಕೆಟ್ಟುಹೋಗಿತ್ತು. ಬಣ್ಣ, ಆಕಾರ ಎಲ್ಲ ಕಾಣುತ್ತಿತ್ತು. ಸುರಿಯುವ ಚಹಾ ಮಾತ್ರ ಹೆಪ್ಪುಗಟ್ಟಿದಂತೆ ತೋರುತ್ತಿತ್ತು. ದೂರವಿದ್ದ ಕಾರು ಇದ್ದಕ್ಕಿದ್ದಂತೆ ಎದುರಿಗಿರುತ್ತಿತ್ತು, ಹೀಗಾಗಿ ರಸ್ತೆ ದಾಟಲು ಆಕೆಗೆ ಭಯ.

ಆದರೆ ಆ ಕಾರು ಬರುತ್ತಿದ್ದುದು ಸುಳ್ಳಲ್ಲ. ನಿಂತಂತೆ ಕಾಣುವ ಯಂತ್ರಕ್ಕೆ ಕೈ ಚಾಚಿದವನ ಬೆರಳು ಉಳಿಯುವುದಿಲ್ಲ. ಅಲುಗುವುದು ಮನಸ್ಸು ಮಾತ್ರ ಎಂಬುದನ್ನು ಅಕ್ಷರಶಃ ಹಿಡಿದರೆ ಈ ಗಾಯಕ್ಕೆ ಲೆಕ್ಕ ಸಿಗದು. ಝೆನ್ ಪರಂಪರೆಗೂ ಇದು ಗೊತ್ತಿತ್ತು ಎನ್ನಿಸುತ್ತದೆ. 13ನೆಯ ಶತಮಾನದ ವುಮೆನ್ ಎಂಬ ಗುರು ಇದೇ ಕಥೆಗೆ ಟೀಕೆ ಬರೆಯುತ್ತ, ಅಲುಗುವುದು ಗಾಳಿಯಲ್ಲ, ಬಾವುಟವಲ್ಲ, ಮನಸ್ಸೂ ಅಲ್ಲ ಎಂದು ಹುಯಿನೆಂಗನ ಉತ್ತರಕ್ಕೂ ನೆಲೆ ನಿಲ್ಲಲು ಬಿಡಲಿಲ್ಲ.

ಭಾರತದ ಬೌದ್ಧರ ವಾದ ಇದಕ್ಕಿಂತ ಬಿಗಿಯಾದದ್ದು. ವಸುಬಂಧು ತನ್ನ ಅಭಿಧರ್ಮಕೋಶದಲ್ಲಿ ಹೇಳುವುದು ಹೀಗೆ: ಹುಟ್ಟಿದ ಪ್ರತಿಯೊಂದೂ ಕ್ಷಣಿಕ. ಹುಟ್ಟಿದಲ್ಲೇ ಅಳಿಯುವುದು ಇನ್ನೊಂದು ಜಾಗಕ್ಕೆ ಹೋಗುವುದೆಂತು? ಪಕ್ಕಪಕ್ಕದ ಜಾಗಗಳಲ್ಲಿ ಎಡೆಬಿಡದೆ ಹೊಸದು ಹುಟ್ಟುವುದನ್ನೇ ನಾವು ‘ಹೋಯಿತು’ ಎನ್ನುತ್ತೇವೆ. ನಾಗಾರ್ಜುನ ಮೂಲಮಧ್ಯಮಕ ಕಾರಿಕೆಯ ಎರಡನೆಯ ಪ್ರಕರಣವನ್ನು ಇಡಿಯಾಗಿ ಚಲನೆಯ ಪ್ರಶ್ನೆಗೇ ಮೀಸಲಿಟ್ಟಿದ್ದಾನೆ. ನಡೆದು ಮುಗಿದ ದಾರಿಯಲ್ಲಿ ನಡೆ ಇಲ್ಲ, ಇನ್ನೂ ನಡೆಯದ ದಾರಿಯಲ್ಲೂ ಇಲ್ಲ, ಇವೆರಡನ್ನು ಬಿಟ್ಟು ‘ಈಗ ನಡೆಯುತ್ತಿರುವ’ ದಾರಿ ಬೇರೆ ಸಿಗುವುದಿಲ್ಲ. ಜನ ನಡೆಯುವುದನ್ನು ಅವನು ಅಲ್ಲಗಳೆದನೆಂದು ತಿಳಿಯುವವರುಂಟು; ಅದು ಅನ್ಯಾಯ. ನಡೆಯುವವನನ್ನು ಬಿಟ್ಟು ತಾನೇ ತಾನಾಗಿ ನಿಲ್ಲುವ ‘ನಡೆ’ ಎಂಬ ವಸ್ತುವಿಲ್ಲ, ನಡೆಯನ್ನು ಬಿಟ್ಟು ನಡೆಯುವವನೂ ಇಲ್ಲ ಎನ್ನುವುದಷ್ಟೇ ಅವನ ವಾದ. ನನ್ನ ಮಟ್ಟಿಗೆ ಇದಕ್ಕೆ ಎದುರಾಳಿಗಳು ತೃಪ್ತಿಕರ ಉತ್ತರ ಕೊಟ್ಟಿಲ್ಲ.

ವಸುಬಂಧುವಿನ ಕ್ಷಣಿಕವಾದಕ್ಕೆ ಮಾತ್ರ ಬಲವಾದ ಪ್ರತಿವಾದವಿದೆ, ಅದು ನೆನಪಿನ ಕಡೆಯಿಂದ ಬಂದದ್ದು. ನೈಯಾಯಿಕರೂ ಶಂಕರರೂ ಕೇಳಿದ್ದು ಇದನ್ನೇ: ನಿನ್ನೆ ನೋಡಿದವನು ಅಳಿದಿದ್ದರೆ, ‘ಅದೇ ಇದು’ ಎಂದು ಇಂದು ಗುರುತಿಸುವವನು ಯಾರು? ಕಲಬುರಗಿ, ವಿಜಯಪುರದ ಕಡೆಯಿಂದ ಪುಣೆಗೆ ದುಡಿಯಲು ಬಂದವನಿಗೆ ಇದು ಬರಿಯ ತರ್ಕವಲ್ಲ. ಹೋದ ತಿಂಗಳು ನೈಟ್ ಶಿಫ್ಟ್ ಮಾಡಿದವನು ಬೇರೆ, ಈ ತಿಂಗಳು ಪಗಾರಕ್ಕೆ ಕೈಯೊಡ್ಡುವವನು ಬೇರೆ ಎಂದು ಗುತ್ತಿಗೆದಾರ ಹೇಳಿದರೆ? ಮಾಡಿದವನಿಗೆ ಫಲವಿಲ್ಲ, ಮಾಡದವನಿಗೆ ಫಲ ಎಂಬ ದೋಷ ಅದು. ಬೌದ್ಧರು ಇದನ್ನು ಕಡೆಗಣಿಸಲಿಲ್ಲ. ಅವನೇ ಅಲ್ಲ, ಬೇರೆಯವನೂ ಅಲ್ಲ; ಕಾರಣದಿಂದ ಕಾರ್ಯಕ್ಕೆ ಸಾಗಿಬಂದ ಒಂದೇ ಸಂತಾನ, ಫಲ ಆ ಹರಿವಿಗೆ ಸೇರುತ್ತದೆ ಎಂದರು. ಗುರುತು ಹಿಡಿಯುವಿಕೆಯೂ ಮೋಸ ಮಾಡಬಲ್ಲದು, ಕತ್ತರಿಸಿ ಮತ್ತೆ ಬೆಳೆದ ಉಗುರನ್ನೂ ನಾವು ‘ಅದೇ’ ಎನ್ನುವುದಿಲ್ಲವೇ ಎಂದು ತಿರುಗಿ ಕೇಳಿದರು. ಉತ್ತರ ಜಾಣತನದ್ದು. ಆದರೆ ಒಬ್ಬನ ಹರಿವು ಇನ್ನೊಬ್ಬನದರೊಂದಿಗೆ ಏಕೆ ಬೆರೆಯದು ಎಂದು ಕೇಳಿದರೆ, ಕೊನೆಗೆ ‘ಇವನು’ ಎಂಬ ಏನನ್ನೋ ಹಿಂಬಾಗಿಲಿನಿಂದ ಒಳಗೆ ತರಬೇಕಾಗುತ್ತದೆ. ಬೌದ್ಧರಲ್ಲೇ ವಾತ್ಸೀಪುತ್ರೀಯರು ‘ಪುದ್ಗಲ’, ಅಂದರೆ ವ್ಯಕ್ತಿ, ಎಂಬುದನ್ನು ಒಪ್ಪಿದ್ದು ಈ ಕಷ್ಟವನ್ನು ಕಂಡೇ ಇರಬೇಕು.

ಕನ್ನಡ ನಾಡಿನಲ್ಲಿ ಬಹುಕಾಲ ಬಾಳಿದ ಜೈನರ ನಿಲುವು ಮೂರನೆಯದು. ಹುಟ್ಟು, ಅಳಿವು, ಉಳಿವು ಮೂರೂ ಕೂಡಿದ್ದೇ ‘ಸತ್’, ಅಂದರೆ ಇರುವುದು. ಚಲನೆಗೆ ನೆರವಾಗಲು ‘ಧರ್ಮ’ ಎಂಬ ಬೇರೊಂದು ದ್ರವ್ಯವನ್ನೇ ಅವರು ಒಪ್ಪಿದರು. ಜೈನ ತಾರ್ಕಿಕ ಅಕಲಂಕನು ಬೌದ್ಧರನ್ನು ವಾದದಲ್ಲಿ ಸೋಲಿಸಿದನೆಂದು ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಹೊಗಳುತ್ತದೆ. ದಿನದ ಬದುಕಿಗೆ ಹೆಚ್ಚು ಒಪ್ಪುವುದು ಜೈನರ ಮಾತು ಎಂದೇ ನನಗನಿಸುತ್ತದೆ, ಆದರೆ ಉಳಿಯುವುದು ಯಾವುದು ಎಂದು ಬೆರಳಿಟ್ಟು ತೋರಿಸು ಎಂಬ ಬೌದ್ಧರ ಸವಾಲು ಅದರ ಮುಂದೆಯೂ ನಿಂತೇ ಇದೆ.

ಗೆದ್ದವರ ಪ್ರಶಸ್ತಿಯನ್ನು ಮಾತ್ರ ಓದಿ ತೀರ್ಪು ಕೊಡುವುದು ನಮ್ಮ ಹಳೆಯ ರೂಢಿ. ಹಾಗೆ ಓದಿದಾಗ ಏನು ಕಳೆಯುತ್ತದೆ ಎಂಬುದಕ್ಕೆ ಒಂದು ಕಲ್ಲು ಸಾಕ್ಷಿ. ಪುಣೆಯಿಂದ ರಾಂಜಣಗಾಂವಕ್ಕೆ ಬರುವ ರಸ್ತೆ ಕೋರೆಗಾಂವದಲ್ಲಿ ಭೀಮೆಯನ್ನು ದಾಟುತ್ತದೆ. ಅದೇ ನದಿ ಕಲಬುರಗಿ ಜಿಲ್ಲೆಯ ಸನ್ನತಿಯ ಮಗ್ಗುಲಲ್ಲಿ ಹರಿಯುತ್ತದೆ. ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿಯಿತು. ಮೂರ್ತಿ ನಿಲ್ಲಿಸಲು ನಡುವೆ ಕೊರೆದ ತೂತಿನಲ್ಲಿ ಅಕ್ಷರಗಳು ಹೋಗಿದ್ದವು. ಬೌದ್ಧರ ವಾದವೂ ನಮ್ಮಲ್ಲಿ ಹೆಚ್ಚಾಗಿ ಉಳಿದಿರುವುದು ಎದುರಾಳಿಗಳ ಗ್ರಂಥಗಳ ಪೂರ್ವಪಕ್ಷದಲ್ಲಿ, ಅಂದರೆ ಖಂಡಿಸಲೆಂದು ಎತ್ತಿಕೊಂಡ ಮಾತಾಗಿ. ತತ್ತ್ವಶಾಸ್ತ್ರ ಕಲಿಸುವವರು ಶಂಕರಭಾಷ್ಯದ ಖಂಡನೆಗೆ ಹೋಗುವ ಮೊದಲು ನಾಗಾರ್ಜುನನ ಆ ಎರಡನೆಯ ಪ್ರಕರಣವನ್ನು ವಿದ್ಯಾರ್ಥಿಗಳ ಕೈಗೆ ಕೊಡಲಿ. 25 ಶ್ಲೋಕಗಳಷ್ಟೇ ಇವೆ.