ಮರೆವು ಯಂತ್ರದ್ದು, ದೂರು ನಮ್ಮ ಮೇಲೆ!

ಕಚೇರಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋದಾಗ ಕಡತವೊಂದು ಕಾಣೆಯಾದರೆ ಏನಾಗುತ್ತದೆಂದು ಕೇಂದ್ರ ಸರ್ಕಾರದ ಗುಮಾಸ್ತರಾದ ನಮಗೆ ಚೆನ್ನಾಗಿ ಗೊತ್ತು. ಮೆಮೊ ಬರುತ್ತದೆ, ವಿವರಣೆ ಬರೆದುಕೊಡಬೇಕಾಗುತ್ತದೆ. ಗಣಕಯಂತ್ರಕ್ಕೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲವೆಂದು ಕಾಣುತ್ತದೆ.

ಕಳೆದ ದೀಪಾವಳಿಯ ಹೊತ್ತಿಗೆ, ಹೈದರಾಬಾದಿನ ನಮ್ಮ ಮನೆಯ ಗಣಕವನ್ನು ಅಪ್‌ಗ್ರೇಡ್ ಮಾಡಿಸಿದೆವು. ಅಂದಿನಿಂದ ಅದಕ್ಕೆ ಮರೆವಿನ ರೋಗ. ರಾತ್ರಿ ವೈಫೈ ಪಾಸ್‌ವರ್ಡ್ ಕೊಟ್ಟು ‘ನೆನಪಿಡು’ ಎಂದು ಗುರುತು ಹಾಕಿದರೆ ಬೆಳಿಗ್ಗೆ ಮತ್ತೆ ಕೇಳುತ್ತದೆ. ಬಿ.ಎಸ್ಸಿ. ಪ್ರಯೋಗಶಾಲೆಯಲ್ಲಿ ಕಲಿತಂತೆ ಒಂದೊಂದಾಗಿ ಪರೀಕ್ಷಿಸಿದೆವು. ಮನೆಯ ಫೋನುಗಳು ತಕರಾರಿಲ್ಲದೆ ಸೇರಿಕೊಳ್ಳುತ್ತವೆ, ರೌಟರ್ ನಿರಪರಾಧಿ. ಮತ್ತೆ ಬರೆದುಕೊಟ್ಟರೆ ಗಣಕವೂ ಸೇರಿಕೊಳ್ಳುತ್ತದೆ, ಪಾಸ್‌ವರ್ಡೂ ಸರಿ. ಉಳಿದದ್ದು ಒಂದೇ: ಕೊಟ್ಟದ್ದನ್ನು ಕಾಪಾಡುವ ಕೆಲಸ.

ಗಣಕ ಪಾಸ್‌ವರ್ಡನ್ನು ಇದ್ದಂತೆಯೇ ಬರೆದಿಡುವುದಿಲ್ಲ. ಗೂಢಲಿಪಿಗೆ ತಿರುಗಿಸಿ ಬೀಗ ಹಾಕಿಡುತ್ತದೆ. ಕೀಲಿ ಕೆಟ್ಟರೆ ಒಳಗಿನದು ಇದ್ದೂ ಇಲ್ಲದಂತೆ. ನಮ್ಮ ಗಣಕದ ಕಾಯಿಲೆ ಇದೇ ಎನ್ನುವಷ್ಟು ವೈದ್ಯರು ನಾವಲ್ಲ. ಆದರೆ ಇಂಥದು ನಡೆದದ್ದುಂಟು. 2020ರ ಮೇ ತಿಂಗಳಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಲ್ಲಿ ಬ್ರೌಸರು, ಇ-ಮೇಲುಗಳ ಉಳಿಸಿಟ್ಟ ಪಾಸ್‌ವರ್ಡುಗಳು ಅನೇಕರಿಗೆ ಪದೇ ಪದೇ ಮಾಯವಾದವು. ದೋಷವಿದೆಯೆಂದು ಕಂಪನಿ ಒಪ್ಪಿಕೊಂಡಿತು. ಪರಿಹಾರ ಬಂದದ್ದು 2021ರ ಆರಂಭದಲ್ಲಿ. ಅಷ್ಟು ತಿಂಗಳು ಎಷ್ಟು ಜನ ತಮ್ಮನ್ನೇ ಹಳಿದುಕೊಂಡರೋ!

ನಮ್ಮ ಮನೆಯಲ್ಲೂ ಆದದ್ದು ಅದೇ. ಬೀದರಿನಿಂದ ಬಂದು ನಮ್ಮೊಡನಿರುವ ತಂದೆಯವರಿಗೆ ಎಂಬತ್ತು ದಾಟಿದೆ. ನವೆಂಬರ್ ಬಂತೆಂದರೆ ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆಂದು ರುಜುವಾತು ಕೊಡಬೇಕಷ್ಟೆ. 2014ರಲ್ಲಿ ‘ಜೀವನ್ ಪ್ರಮಾಣ್’ ಬಂದ ಮೇಲೆ ಬೆರಳಚ್ಚಿನ ಉಪಕರಣವಿದ್ದರೆ ಮನೆಯಲ್ಲೇ ಆ ಕೆಲಸ ಮುಗಿಯುತ್ತದೆ. ನಾವು ಕಚೇರಿಯಲ್ಲಿದ್ದಾಗ ಅವರೊಬ್ಬರೇ ಗಣಕದ ಮುಂದೆ ಕುಳಿತರು. ಅದು ಇಂಗ್ಲಿಷಿನಲ್ಲಿ ಪಾಸ್‌ವರ್ಡ್ ಕೇಳಿತು. ಅವರು ಬರೆದದ್ದರಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾಗಿರಬೇಕು, ‘ತಪ್ಪು’ ಎಂದಿತು. ಸಂಜೆ ನಾವು ಬಂದಾಗ ಅವರು ಹೇಳಿದ್ದು ಇಷ್ಟೇ: “ನನಗೇ ಮರೆವು ಹತ್ತಿತಪ್ಪ.”

ಮರೆತದ್ದು ಯಂತ್ರ, ತಲೆ ತಗ್ಗಿಸಿದವರು ಹಿರಿಯರು. ಇದನ್ನು ಪ್ರಗತಿಯೆಂದು ಒಪ್ಪಬೇಕೇ?

“ಇನ್ನೊಮ್ಮೆ ಟೈಪ್ ಮಾಡಿದರಾಯಿತು, ಇದಕ್ಕೇಕೆ ರಂಪ?” ಎನ್ನುವವರಿದ್ದಾರೆ. ವೈಫೈ ಪಾಸ್‌ವರ್ಡಿಗೆ ಕನಿಷ್ಠ 8 ಅಕ್ಷರ ಬೇಕು, 63ರವರೆಗೂ ಇರಬಹುದು. ಉದ್ದವಾದಷ್ಟೂ ಭದ್ರ. ದಿನವೂ ಅದನ್ನು ಕುಟ್ಟಬೇಕಾದಾಗ ಗೃಹಸ್ಥ ಏನು ಮಾಡುತ್ತಾನೆ? ಫೋನ್ ನಂಬರನ್ನೇ ಪಾಸ್‌ವರ್ಡ್ ಮಾಡುತ್ತಾನೆ. ಇಲ್ಲವೇ ಬರೆದು ಗೋಡೆಗೆ ಅಂಟಿಸುತ್ತಾನೆ. ಭದ್ರತೆಯ ಹೆಸರಿನ ಅಪ್‌ಗ್ರೇಡು ಬಾಗಿಲನ್ನೇ ತೆರೆದಿಟ್ಟಂತಾಯಿತು.

ನಾವು ಕೇಳುವುದು ದೊಡ್ಡದೇನಲ್ಲ. ಹಳೆಯದೆಲ್ಲ ಹೊಸದರಲ್ಲಿ ಉಳಿದಿದೆಯೇ ಎಂದು ನೋಡಿದ ಮೇಲೆಯೇ ಯಂತ್ರ ‘ಮುಗಿಯಿತು’ ಎನ್ನಲಿ. ಕೀಲಿ ಕಳೆದಿದ್ದರೆ, “ನಾನು ಕಳೆದುಕೊಂಡೆ” ಎಂದು ಅದೇ ಹೇಳಲಿ. ನಮ್ಮ ಹಿರಿಯರಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಲಿ. ಕನ್ನಡ ಅಕ್ಷರ ತೋರಿಸಬಲ್ಲ ಯಂತ್ರಕ್ಕೆ ಕನ್ನಡದಲ್ಲಿ ತಪ್ಪೊಪ್ಪಿಕೊಳ್ಳುವುದು ಅಸಾಧ್ಯವೇ?

ಅಲ್ಲಿಯವರೆಗೆ ಬಂಧುಗಳೇ, ಪಾಸ್‌ವರ್ಡನ್ನು ಡೈರಿಯಲ್ಲಿ ಬರೆದು ಬೀರುವಿನಲ್ಲಿಡಿ. ದೋಷ ಕಂಡರೆ ಸುಮ್ಮನಿರದೆ ತಯಾರಕರಿಗೆ ದೂರು ಬರೆಯಿರಿ. ಅದಕ್ಕೂ ಮೊದಲು ಮನೆಯ ಹಿರಿಯರ ಬಳಿ ಕುಳಿತು, “ತಪ್ಪು ನಿಮ್ಮದಲ್ಲ” ಎಂದು ಹೇಳಿ.