ಕೋಚ್ ಹೋದ, ಕೋಚ್ ಬಂದ... ಹಾಕಿ?

ನಮ್ಮಲ್ಲಿ ಹಾಕಿ ತಂಡ ಸೋತರೆ ಒಂದು ಮಾಮೂಲಿ ಕಾರ್ಯಕ್ರಮ ಶುರುವಾಗುತ್ತೆ. ಅದೇ, ಕೋಚ್ ತಲೆದಂಡ. ಗೆದ್ದಾಗ ಫೋಟೋದ ಮುಂದಿನ ಸಾಲಲ್ಲಿ ನಿಲ್ಲೋರು ಬೇರೆ, ಸೋತಾಗ ಸೂಟ್‌ಕೇಸ್ ಕಟ್ಟೋರು ಬೇರೆ. 2025ರಲ್ಲಿ ನಮ್ಮ ಮಹಿಳಾ ತಂಡದ ವಿಷಯದಲ್ಲೂ ಅದೇ ಆಯ್ತು. ಡಿಸೆಂಬರ್ 1ರಂದು ಹರೇಂದ್ರ ಸಿಂಗ್ ವೈಯಕ್ತಿಕ ಕಾರಣ ಅಂತ ಹೇಳಿ ರಾಜೀನಾಮೆ ಕೊಟ್ಟರು. ಜನವರಿಯಲ್ಲಿ ಶೋರ್ಡ್ ಮರೈನ್ ವಾಪಸ್ ಬರ್ತಾರೆ ಅಂತ ಘೋಷಣೆ ಬಂತು. ಟೋಕಿಯೋದಲ್ಲಿ ತಂಡವನ್ನು ನಾಲ್ಕನೇ ಸ್ಥಾನಕ್ಕೆ ತಂದವರು ಅವರೇ ತಾನೆ, ಹಾಗಾಗಿ ನನ್ನ ಹಾಕಿ ಗೆಳೆಯರಿಗೆಲ್ಲ ಖುಷಿಯೋ ಖುಷಿ. ನನಗೆ ಮಾತ್ರ ಆ ಖುಷಿ ಹತ್ತಲಿಲ್ಲ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಮೊದಲು ಆ ಸೀಸನ್ ಹೇಗಿತ್ತು ಅಂತ ನೆನಪು ಮಾಡಿಕೊಳ್ಳೋಣ. 2024-25ರ ಪ್ರೊ ಲೀಗ್. ಒಂಬತ್ತು ತಂಡ, ಒಂದೊಂದಕ್ಕೆ 16 ಪಂದ್ಯ. ಫೆಬ್ರವರಿಯಲ್ಲಿ ಭುವನೇಶ್ವರದಲ್ಲಿ ಆಡಿದ ಎಂಟು ಪಂದ್ಯ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಒಲಿಂಪಿಕ್ ಚಾಂಪಿಯನ್ ನೆದರ್ಲೆಂಡ್ಸ್ ತಂಡವನ್ನೇ 2-2ರಲ್ಲಿ ಹಿಡಿದು ಶೂಟೌಟಿನಲ್ಲಿ ಸೋಲಿಸಿದ್ದರು ನಮ್ಮ ಹುಡುಗಿಯರು. ಆಮೇಲೆ ಜೂನ್‌ನಲ್ಲಿ ಯುರೋಪಿಗೆ ಹೋದರು ನೋಡಿ... ಲಂಡನ್, ಆಂಟ್ವರ್ಪ್, ಬರ್ಲಿನ್. ಎಂಟು ಪಂದ್ಯ, ಎಂಟೂ ಸೋಲು. ಆಸ್ಟ್ರೇಲಿಯಾ ಎದುರು ಎರಡು, ಅರ್ಜೆಂಟೀನಾ ಎದುರು ಎರಡು (ಅದರಲ್ಲೊಂದು ಶೂಟೌಟ್), ಬೆಲ್ಜಿಯಂ ಎರಡು, ಚೀನಾ ಎರಡು. ಕೊನೆಗೆ ಒಂಬತ್ತನೇ ಸ್ಥಾನ, ಅಂದರೆ ಕಟ್ಟಕಡೆ. ಪ್ರೊ ಲೀಗಿನಿಂದಲೇ ಹೊರಕ್ಕೆ. ಕೆಳಗಿನ ದರ್ಜೆಯ ನೇಷನ್ಸ್ ಕಪ್‌ಗೆ ಇಳಿದಾಯ್ತು. ಸೆಪ್ಟೆಂಬರಿನಲ್ಲಿ ಹಾಂಗ್‌ಝೌನ ಏಷ್ಯಾ ಕಪ್ ಫೈನಲ್ಲಿನಲ್ಲಿ ಮೊದಲನೇ ನಿಮಿಷಕ್ಕೇ ಗೋಲು ಹೊಡೆದೂ ಚೀನಾಕ್ಕೆ 1-4ರಿಂದ ಸೋತು, ವಿಶ್ವಕಪ್ಪಿನ ನೇರ ಪ್ರವೇಶವೂ ಕೈತಪ್ಪಿತು.

ಸರಿ, ತಪ್ಪು ಯಾರದ್ದು?

ಹರೇಂದ್ರ ಅವರದ್ದು ಅನ್ನೋದು ಸುಲಭದ ಉತ್ತರ. ಸತತ ಎಂಟು ಸೋಲಿಗೆ ಕೋಚ್ ಉತ್ತರ ಕೊಡಲೇಬೇಕು, ಅದರಲ್ಲಿ ದಾಕ್ಷಿಣ್ಯ ಇಲ್ಲ. ಆದರೆ ಇದೇ ಮನುಷ್ಯ 2024ರ ನವೆಂಬರಿನಲ್ಲಿ ರಾಜ್‌ಗೀರ್‌ನಲ್ಲಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಗೆಲ್ಲಿಸಿದ್ದರು. ಫೈನಲ್‌ನಲ್ಲಿ ಸೋತಿದ್ದು ಪ್ಯಾರಿಸ್‌ನಲ್ಲಿ ಬೆಳ್ಳಿ ಗೆದ್ದಿದ್ದ ಚೀನಾ. ದೀಪಿಕಾ ಒಬ್ಬಳೇ ಆ ಟೂರ್ನಿಯಲ್ಲಿ 11 ಗೋಲು. ಏಳೆಂಟು ತಿಂಗಳಲ್ಲಿ ಒಬ್ಬ ಕೋಚ್ ಅಷ್ಟೊಂದು ಬುದ್ಧಿ ಕಳ್ಕೊಳ್ಳೋಕೆ ಸಾಧ್ಯವಾ?

ಈ ಕೋಚ್‌ಗಳ ಕುರ್ಚಿ ಆಟದ ಕಥೆ ಕೇಳಿದರೆ ನಿಮಗೆ ನಗು ಬರುತ್ತೋ ಸಿಟ್ಟು ಬರುತ್ತೋ ಗೊತ್ತಿಲ್ಲ. 2017ರಲ್ಲಿ ಮರೈನ್ ಮಹಿಳಾ ತಂಡದ ಕೋಚ್ ಆಗಿ ಬಂದರು. ಕೆಲವೇ ತಿಂಗಳಲ್ಲಿ ಅವರನ್ನು ಎತ್ತಿ ಪುರುಷರ ತಂಡಕ್ಕೆ ಹಾಕಿದರು. ಮಹಿಳಾ ತಂಡಕ್ಕೆ ಬಂದವರು ಯಾರು? ಇದೇ ಹರೇಂದ್ರ. 2018ರ ಮೇ ತಿಂಗಳಲ್ಲಿ ಮತ್ತೆ ಅದಲುಬದಲು. ಮರೈನ್ ಮಹಿಳೆಯರಿಗೆ, ಹರೇಂದ್ರ ಪುರುಷರಿಗೆ. ಆ ವರ್ಷದ ಕೊನೆಗೆ ಭುವನೇಶ್ವರದ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ಲಿನಲ್ಲಿ ಪುರುಷರು ನೆದರ್ಲೆಂಡ್ಸ್‌ಗೆ ಸೋತರು. 2019ರ ಜನವರಿಯಲ್ಲಿ ಹರೇಂದ್ರ ಮನೆಗೆ. 2021ರಲ್ಲಿ ಟೋಕಿಯೋ ಮುಗಿಸಿ ಮರೈನ್ ತಾವಾಗೇ ಊರಿಗೆ. ಅವರ ಜೊತೆಗಿದ್ದ ಯಾನಿಕೆ ಶಾಪ್‌ಮನ್ ಮುಖ್ಯ ಕೋಚ್ ಆದರು. 2024ರ ಫೆಬ್ರವರಿಯಲ್ಲಿ ಅವರೂ ಬಿಟ್ಟರು. ಏಪ್ರಿಲ್‌ನಲ್ಲಿ ಮತ್ತೆ ಹರೇಂದ್ರ. ಈಗ ಮತ್ತೆ ಮರೈನ್! ಎಂಟೊಂಬತ್ತು ವರ್ಷದಿಂದ ಅದೇ ಇಬ್ಬರು ಒಂದೇ ಬೆಂಚಿನ ಸುತ್ತ ಸುತ್ತುತ್ತಿದ್ದಾರೆ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಮ್ಯೂಸಿಕಲ್ ಚೇರ್ ಆಡಿಸುವಾಗ ಪೀಪಿ ಊದೋ ಮೇಷ್ಟ್ರು ಯಾವತ್ತೂ ಔಟ್ ಆಗ್ತಿರಲಿಲ್ಲ, ನೆನಪಿದೆಯಾ? ಇಲ್ಲೂ ಹಾಗೇ. ಪೀಪಿ ಹಾಕಿ ಇಂಡಿಯಾ ಕೈಯಲ್ಲಿದೆ.

ಶಾಪ್‌ಮನ್ ಹೋದ ರೀತಿ ನನಗೆ ಇವತ್ತಿಗೂ ಸರಿ ಕಾಣಲ್ಲ. ಹೋಗುವ ಮುಂಚೆ ಅವರು ಪತ್ರಿಕೆಯೊಂದಕ್ಕೆ ಹೇಳಿದ್ದು, ಒಬ್ಬ ಹೆಣ್ಣಾಗಿ ಈ ವ್ಯವಸ್ಥೆಯಲ್ಲಿ ತನಗೆ ಬೆಲೆ, ಗೌರವ ಸಿಗಲಿಲ್ಲ, ಪುರುಷರ ತಂಡದ ಕೋಚ್‌ಗೂ ತನಗೂ ತೋರಿಸುತ್ತಿದ್ದ ಮರ್ಯಾದೆಯಲ್ಲಿ ವ್ಯತ್ಯಾಸ ಇತ್ತು ಅಂತ. ಕೆಲವೇ ದಿನಗಳಲ್ಲಿ ಹಾಕಿ ಇಂಡಿಯಾದ ಸಿಇಓ ಎಲೆನಾ ನಾರ್ಮನ್ ಕೂಡ ರಾಜೀನಾಮೆ ಕೊಟ್ಟರು. ಹಾಗಂತ ಶಾಪ್‌ಮನ್ ಮಾಡಿದ್ದೆಲ್ಲ ಸರಿ ಅಂತಲ್ಲ. ರಾಣಿ ರಾಂಪಾಲ್ ಅಂಥವಳನ್ನು ಕೈಬಿಟ್ಟಿದ್ದಕ್ಕೆ ಅಭಿಮಾನಿಗಳಿಗೆ ಒಪ್ಪುವಂಥ ಒಂದು ಕಾರಣ ಯಾರೂ ಕೊಡಲಿಲ್ಲ.

ಇನ್ನು ಆಟಗಾರ್ತಿಯರು. ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಗೆಳೆಯ ಹಾಕಿ ಹುಚ್ಚ, ಕೊಡಗಿನವನು, ಕೇಳಬೇಕೆ! ಅವನ ವಾದ ಸರಳ. "ಕೋಚ್ ಬಂದು ಗೋಲು ಹೊಡೀತಾನಾ? ಪೆನಾಲ್ಟಿ ಕಾರ್ನರ್ ಸಿಕ್ಕಿದ್ರೂ ಹೊಡಿಯೋಕೆ ಬರಲ್ಲ ಅಂದ್ರೆ ಯಾರೇನು ಮಾಡೋಕಾಗುತ್ತೆ ಮಾರಾಯ?" ಅವನ ಮಾತು ಸುಳ್ಳಲ್ಲ. 2024ರ ಜನವರಿಯಲ್ಲಿ ರಾಂಚಿಯ ಒಲಿಂಪಿಕ್ ಅರ್ಹತಾ ಪಂದ್ಯ ನೋಡಿದವರಿಗೆ ಗೊತ್ತು. ಜಪಾನ್ ಆರನೇ ನಿಮಿಷದಲ್ಲಿ ಒಂದು ಪೆನಾಲ್ಟಿ ಕಾರ್ನರ್ ಗೋಲು ಮಾಡಿತು, ಅಷ್ಟೇ. ಉಳಿದ ಹೊತ್ತೆಲ್ಲ ನಮ್ಮವರು ಬಾಗಿಲು ತಟ್ಟಿದ್ದೇ ತಟ್ಟಿದ್ದು. ಕಾರ್ನರ್ ಮೇಲೆ ಕಾರ್ನರ್ ಸಿಕ್ಕಿತು, ಒಂದೂ ಒಳಗೆ ಹೋಗಲಿಲ್ಲ. 0-1. ಪ್ಯಾರಿಸ್ ಕನಸು ಅಲ್ಲಿಗೆ ಮುಗೀತು. ಟೋಕಿಯೋದಲ್ಲಿ ಆಸ್ಟ್ರೇಲಿಯಾವನ್ನು ಮನೆಗೆ ಕಳಿಸಿದ ಆ ಒಂದು ಗೋಲು ಗುರ್ಜೀತ್ ಕೌರ್‌ಳ ಪೆನಾಲ್ಟಿ ಕಾರ್ನರಿನಿಂದ ಬಂದಿದ್ದು. ರಾಂಚಿಯಲ್ಲಿ ಗುರ್ಜೀತ್ ಇರಲಿಲ್ಲ, ಅವಳ ಜಾಗಕ್ಕೆ ತಯಾರಾದವರೂ ಇರಲಿಲ್ಲ.

ನನ್ನ ಪ್ರಶ್ನೆ ಇರೋದು ಅಲ್ಲೇ. ಯಾಕೆ ತಯಾರಾಗಿರಲಿಲ್ಲ? ಡ್ರ್ಯಾಗ್ ಫ್ಲಿಕ್ ಅನ್ನೋದು ಕ್ಯಾಂಪಿಗೆ ಬಂದ ಮೇಲೆ ಕಲಿಸೋ ವಿದ್ಯೆ ಅಲ್ಲ. ಒಬ್ಬಳು ಗೆರೆಯಿಂದ ಚೆಂಡು ತಳ್ಳಬೇಕು, ಇನ್ನೊಬ್ಬಳು ಅದನ್ನು ಅಲ್ಲಾಡದ ಹಾಗೆ ನಿಲ್ಲಿಸಬೇಕು, ಮೂರನೆಯವಳು ಸೊಂಟ ಬಗ್ಗಿಸಿ ಎಳೆದು ಎಸೀಬೇಕು, ಎದುರಿಂದ ಒಬ್ಬಳು ಮುಖಕ್ಕೆ ಮಾಸ್ಕ್ ಹಾಕಿಕೊಂಡು ನುಗ್ಗಿ ಬರ್ತಿರುವಾಗಲೇ! ಇದು ಬರೋದು ಒತ್ತಡದ ಪಂದ್ಯಗಳಲ್ಲಿ ನೂರಾರು ಸಲ ಮಾಡಿದಾಗ. ನಮ್ಮ ಹುಡುಗಿಯರಿಗೆ ಅಂಥ ಪಂದ್ಯ ಎಲ್ಲಿದೆ ಹೇಳಿ?

ನೆದರ್ಲೆಂಡ್ಸ್‌ನಲ್ಲಿ ಹೂಫ್ಡ್‌ಕ್ಲಾಸ್ ಅಂತ ಕ್ಲಬ್ ಲೀಗ್ ಇದೆ. ಹನ್ನೆರಡು ಕ್ಲಬ್, ಪ್ರತಿಯೊಂದಕ್ಕೂ 22 ಲೀಗ್ ಪಂದ್ಯ. ರಾಷ್ಟ್ರೀಯ ತಂಡದ ಹುಡುಗಿಯರು ವಾರಾಂತ್ಯ ಬಂತೆಂದರೆ ಒಬ್ಬರ ವಿರುದ್ಧ ಒಬ್ಬರು ಆಡ್ತಾರೆ. ನಮ್ಮಲ್ಲಿ? ಪುರುಷರಿಗೆ ಹಾಕಿ ಇಂಡಿಯಾ ಲೀಗ್ 2013ರಲ್ಲಿ ಶುರುವಾಗಿ 2017ಕ್ಕೆ ನಿಂತಿತ್ತು. ಅದು ಮತ್ತೆ ಎದ್ದಿದ್ದು 2024ರ ಡಿಸೆಂಬರಿನಲ್ಲಿ. ಮಹಿಳೆಯರಿಗೆ ಮೊದಲನೇ ಲೀಗ್ ನಡೆದಿದ್ದೇ 2025ರ ಜನವರಿಯಲ್ಲಿ. ನಾಲ್ಕು ತಂಡ, ರಾಂಚಿ ಒಂದೇ ಊರು, ಎರಡು ವಾರ. ಒಂದು ತಂಡಕ್ಕೆ ಹೆಚ್ಚೆಂದರೆ ಏಳು ಪಂದ್ಯ. ನಮ್ಮೂರ ಜಾತ್ರೆಯೇ ಇದಕ್ಕಿಂತ ಜಾಸ್ತಿ ದಿನ ನಡೆಯುತ್ತೆ ಸ್ವಾಮಿ! ಅದು ಬಿಟ್ಟರೆ ವರ್ಷಕ್ಕೊಮ್ಮೆ ರಾಷ್ಟ್ರೀಯ ಚಾಂಪಿಯನ್‌ಷಿಪ್, ಅಷ್ಟಿಷ್ಟು ಇಲಾಖಾ ಟೂರ್ನಿ. ಮಿಕ್ಕಿದ್ದೆಲ್ಲ ಕ್ಯಾಂಪ್.

ಆ ಕ್ಯಾಂಪ್ ನಡೆಯೋದು ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಲ್ಲೇ, ಜ್ಞಾನಭಾರತಿ ಹತ್ತಿರದ ಸಾಯ್ ಕೇಂದ್ರದಲ್ಲಿ. ತಿಂಗಳುಗಟ್ಟಲೆ ಅದೇ ಹಾಸ್ಟೆಲ್, ಅದೇ ಟರ್ಫ್, ಅದೇ ಮೂವತ್ತು-ನಲವತ್ತು ಮುಖ. ತಮ್ಮ ತಮ್ಮಲ್ಲೇ ಆಡಿಕೊಂಡು ದೇಹ ಗಟ್ಟಿಯಾಗಬಹುದು, ಓಟ ಹೆಚ್ಚಾಗಬಹುದು. ಆದರೆ ಒಂದು ಗೋಲು ಹಿಂದಿದ್ದಾಗ ಕೊನೆಯ ಐದು ನಿಮಿಷ ಏನು ಮಾಡಬೇಕು ಅನ್ನೋದು ಕ್ಯಾಂಪಿನಲ್ಲಿ ಬರಲ್ಲ. ಯುರೋಪಿನ ಆ ಎಂಟು ಸೋಲುಗಳಲ್ಲಿ ನಾಲ್ಕು ಒಂದೇ ಗೋಲಿನ ಅಂತರದ್ದು, ಇನ್ನೊಂದು ಶೂಟೌಟ್. ಅಂದರೆ ನಮ್ಮವರು ಆಟದಲ್ಲಿ ತೀರಾ ಕೆಳಗಿದ್ದರು ಅಂತಲ್ಲ, ಪಂದ್ಯ ಮುಗಿಸೋಕೆ ಬರಲಿಲ್ಲ.

ಅಂದಹಾಗೆ, ಈ ಬೆಂಗಳೂರಿನ ವಿಷಯ ಬಂದಾಗ ಇನ್ನೊಂದು ಹೇಳಲೇಬೇಕು. ಇದೇ ಊರಿನ ಎಲ್ವೆರಾ ಬ್ರಿಟ್ಟೊ ಮತ್ತವರ ತಂಗಿಯರಾದ ರೀಟಾ, ಮೇ 1960ರ ದಶಕದಲ್ಲಿ ಮೈಸೂರು ರಾಜ್ಯದ ತಂಡಕ್ಕೆ ಏಳು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟವರು. ಎಲ್ವೆರಾ ಅವರಿಗೆ 1965ರಲ್ಲಿ ಅರ್ಜುನ ಪ್ರಶಸ್ತಿ ಬಂದಿತ್ತು. 2022ರಲ್ಲಿ ತೀರಿಕೊಂಡರು. ಅಂಥ ಊರಲ್ಲಿ ಕ್ಯಾಂಪ್ ನಡೆಸುವ ತಂಡದಲ್ಲಿ, ಟೋಕಿಯೋಗೆ ಹೋದವರ ಪೈಕಿ, ಕರ್ನಾಟಕದವಳು ಒಬ್ಬಳೂ ಇರಲಿಲ್ಲ. ಹರಿಯಾಣ, ಜಾರ್ಖಂಡ್, ಒಡಿಶಾ, ಪಂಜಾಬ್, ಜೊತೆಗೆ ಮಣಿಪುರ ಮಿಜೋರಾಂನಂಥ ಸಣ್ಣ ರಾಜ್ಯಗಳು, ಹೆಚ್ಚಾಗಿ ಇವೇ ಸೇರಿ ದೇಶದ ತಂಡವನ್ನು ಸಾಕುತ್ತಿವೆ. ಒಡಿಶಾ ಸರ್ಕಾರವಂತೂ 2018ರಿಂದ ಎರಡೂ ತಂಡಗಳ ಪ್ರಾಯೋಜಕ. ದುಡ್ಡಿಲ್ಲ ಅಂತ ಹಾಕಿ ಇಂಡಿಯಾ ಹೇಳುವ ಹಾಗೆಯೇ ಇಲ್ಲ.

ಪ್ರತಿಭೆ ಇಲ್ಲ ಅಂತಲೂ ಹೇಳುವ ಹಾಗಿಲ್ಲ. 2023ರಲ್ಲೂ 2024ರಲ್ಲೂ ಜೂನಿಯರ್ ಏಷ್ಯಾ ಕಪ್ ಗೆದ್ದಿದ್ದು ನಮ್ಮ ಹುಡುಗಿಯರೇ. ಹದಿನೆಂಟು ಇಪ್ಪತ್ತರ ಆ ಮಕ್ಕಳು ಆಮೇಲೆ ಎಲ್ಲಿ ಆಡ್ತಾರೆ? ರೈಲ್ವೆಯಲ್ಲಿ ಕೆಲಸ ಸಿಕ್ಕಿದರೆ ಪುಣ್ಯ. ಇಲ್ಲಾಂದ್ರೆ ಕ್ಯಾಂಪಿಗೆ ಕರೆ ಬರುತ್ತಾ ಅಂತ ಕಾಯಬೇಕು.

ಇಷ್ಟು ಹೇಳಿದ ಮೇಲೆ ಕೊಡಗಿನ ಗೆಳೆಯ ಒಂದು ಪಾಯಿಂಟ್ ಹಾಕಿದ. "ಚೀನಾದಲ್ಲಿ ಎಲ್ಲಿದೆ ನಿನ್ನ ಕ್ಲಬ್ ಲೀಗು? ಅವರದ್ದೂ ಕ್ಯಾಂಪೇ ಅಲ್ವಾ?" ಒಳ್ಳೆ ಪ್ರಶ್ನೆ. ಚೀನಾ 2022ರಲ್ಲಿ ಅಲಿಸನ್ ಅನ್ನಾನ್ ಅವರನ್ನು ಕರೆದುಕೊಂಡು ಬಂತು. ಟೋಕಿಯೋದಲ್ಲಿ ನೆದರ್ಲೆಂಡ್ಸ್‌ಗೆ ಚಿನ್ನ ಗೆಲ್ಲಿಸಿದ ಕೋಚ್. ಅವರ ಕೈಗೆ ತಂಡ ಒಪ್ಪಿಸಿ ಪ್ಯಾರಿಸ್ ತನಕ ಅಲ್ಲಾಡಿಸಲಿಲ್ಲ. ಮೊದಲು ಏಷ್ಯನ್ ಗೇಮ್ಸ್ ಚಿನ್ನ (ಸೆಮಿಫೈನಲ್ಲಿನಲ್ಲಿ 0-4ರಿಂದ ಸೋತವರು ನಾವೇ, ಅದರಿಂದಲೇ ರಾಂಚಿಗೆ ಬೀಳಬೇಕಾಯ್ತು), ಆಮೇಲೆ ಒಲಿಂಪಿಕ್ಸ್ ಫೈನಲ್ಲು, ಅದೂ ಶೂಟೌಟ್ ತನಕ. ಹಾಗಾಗಿ ನನ್ನ ಲೆಕ್ಕ ಹೀಗೆ. ಡಚ್ಚರ ಹತ್ತಿರ ಲೀಗ್ ಇದೆ. ಚೀನಾದ ಹತ್ತಿರ ತಾಳ್ಮೆ ಇದೆ. ನಮ್ಮ ಹತ್ತಿರ ಪತ್ರಿಕಾ ಪ್ರಕಟಣೆ ಇದೆ.

ಮರೈನ್ ವಿಷಯದಲ್ಲೂ ಇದನ್ನೇ ನೋಡಿ. ಅವರು ಟೋಕಿಯೋದಲ್ಲಿ ಗೆದ್ದಿದ್ದು ಏನೋ ಮಂತ್ರ ಹಾಕಿ ಅಲ್ಲ. 2018ರ ಮೇಯಿಂದ 2021ರ ಆಗಸ್ಟ್ ತನಕ, ಮೂರು ವರ್ಷಕ್ಕೂ ಹೆಚ್ಚು ಕಾಲ ಯಾರೂ ಅವರನ್ನು ಮುಟ್ಟಲಿಲ್ಲ. ಅಲ್ಲೂ ಮೊದಲ ಮೂರು ಪಂದ್ಯ ಸೋತಿದ್ದರು, 1-5, 0-2, 1-4. ಆ ಮೂರರ ನಂತರವೇ ಐರ್ಲೆಂಡ್, ದಕ್ಷಿಣ ಆಫ್ರಿಕಾ, ಆಮೇಲೆ ಆಸ್ಟ್ರೇಲಿಯಾವನ್ನು ಸೋಲಿಸಿದ್ದು.

ಹಾಗಾಗಿ ನನ್ನ ಕಟಕಟೆಯಲ್ಲಿ ಮೊದಲು ನಿಲ್ಲಬೇಕಾದವರು ಹಾಕಿ ಇಂಡಿಯಾದವರು. ಅಧ್ಯಕ್ಷ ದಿಲೀಪ್ ಟಿರ್ಕಿ ಸ್ವತಃ ಮೂರು ಒಲಿಂಪಿಕ್ಸ್ ಆಡಿದವರು, ಪಂದ್ಯ ಅಂದ್ರೆ ಏನು, ಕ್ಯಾಂಪ್ ಅಂದ್ರೆ ಏನು ಅಂತ ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಜಾಸ್ತಿ ಬೇಜಾರು. ಎರಡನೆಯವರು ಕೋಚ್, ಮೂರನೆಯವರು ಆಟಗಾರ್ತಿಯರು. ಸಲೀಮಾ ಟೆಟೆ ಜಾರ್ಖಂಡಿನ ಸಿಮ್‌ಡೇಗಾ ಜಿಲ್ಲೆಯ ಹಳ್ಳಿಯಿಂದ ಬಂದು ಕ್ಯಾಪ್ಟನ್ ಆದವಳು. ಅವಳ ಕೈಗೆ ನಾವು ಕೊಟ್ಟಿದ್ದೇನು, ಅವಳಿಂದ ಕೇಳ್ತಿರೋದೇನು ಅಂತ ಒಂದ್ಸಲ ಲೆಕ್ಕ ಹಾಕಿ ನೋಡಿ.

ಎಲ್ಲಕ್ಕಿಂತ ಹೊಟ್ಟೆ ಉರಿಯೋದು ಇದಕ್ಕೆ. ದೊಡ್ಡ ತಂಡಗಳ ವಿರುದ್ಧ ವರ್ಷಕ್ಕೆ ಖಾತ್ರಿಯಾಗಿ ಸಿಗುತ್ತಿದ್ದ ಪಂದ್ಯ ಅಂದರೆ ಪ್ರೊ ಲೀಗಿನ ಆ ಹದಿನಾರು. 2022ರ ಡಿಸೆಂಬರಿನಲ್ಲಿ ವೆಲೆನ್ಸಿಯಾದಲ್ಲಿ ಸ್ಪೇನನ್ನು ಸೋಲಿಸಿ, ನೇಷನ್ಸ್ ಕಪ್ ಗೆದ್ದು, ಅದೇ ಬೆವರಿನಿಂದ ಪ್ರೊ ಲೀಗಿಗೆ ಹತ್ತಿದ್ದರು ಈ ಹುಡುಗಿಯರು. ಈಗ ಆ ಹದಿನಾರೂ ಹೋಯ್ತು. ಹತ್ತಬೇಕಾದರೆ ಅದೇ ಏಣಿ, ಅದೇ ಮೊದಲ ಮೆಟ್ಟಿಲು. ಅಷ್ಟರೊಳಗೆ ಹಾಕಿ ಇಂಡಿಯಾದವರು ಆ ನಾಲ್ಕು ತಂಡದ ಲೀಗನ್ನು ಎಂಟು ತಂಡಕ್ಕೆ, ಎರಡು ವಾರವನ್ನು ಎರಡು ತಿಂಗಳಿಗೆ ಬೆಳೆಸ್ತಾರಾ? ಬೆಳೆಸಿದರೆ ಅದರಲ್ಲಿ ಬೆಂಗಳೂರಿನದೂ ಒಂದು ಟೀಮ್ ಇರಲಿ. ಟಿಕೆಟ್ ತಗೊಂಡು ಬರೋಕೆ ನಾನೂ ಆ ಕೊಡಗಿನವನೂ ರೆಡಿ.