ನೌಕಾನೆಲೆಗೆ ನೆಲ ಸರಿ, ಜಾತ್ರೆಗೆ ದಾರಿ ಬೇಡವೇ?

ಗದಗ-ಬೆಟಗೇರಿಯವರಿಗೆ ಕಾರವಾರ ಪರಸ್ಥಳವಲ್ಲ. ನಮ್ಮ ಸೀಮೆಯ ಅರಳೆ ಒಂದು ಕಾಲಕ್ಕೆ ಆ ಬಂದರಿನಿಂದಲೂ ಹಡಗು ಏರುತ್ತಿತ್ತು. ಅಲ್ಲಿ 1986ರ ಅಕ್ಟೋಬರ 24ರಂದು ಪ್ರಧಾನಿ ರಾಜೀವ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲಿಟ್ಟರು. 2005ರ ಮೇ 31ರಂದು ‘ಕದಂಬ’ ಎಂಬ ಹೆಸರಿನಿಂದ ಅದು ಕೆಲಸಕ್ಕೆ ನಿಂತಿತು. ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟೆದ್ದವು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದವು.

ನೌಕಾನೆಲೆ ಬೇಡವೆಂದು ನಾವು ಹೇಳುವುದಿಲ್ಲ. ದೇಶಕ್ಕೆ ಕಾವಲು ಬೇಕು, ಕಾವಲಿಗೆ ನಿಂತವರೂ ಬಡವರ ಮಕ್ಕಳೇ. ನಮ್ಮ ತಕರಾರು ಬೇರೆ.

ಬಿಣಗಾದ ಎದುರಿಗೆ ಅಂಜದೀವ ನಡುಗಡ್ಡೆಯಿದೆ. ಆಡಳಿತಕ್ಕೆ ಅದು ಗೋವೆಯದು. 1961ರ ಡಿಸೆಂಬರದಲ್ಲಿ ಪೋರ್ತುಗೀಜರಿಂದ ಅದನ್ನು ಬಿಡಿಸಲು ನಮ್ಮ ನೌಕಾದಳದ 7 ಜನ ಪ್ರಾಣ ಕೊಟ್ಟರು. ಅಲ್ಲಿ ಬ್ರೋತಾಸ್ ಮಾತೆಯ ಇಗರ್ಜಿಗೆ ಫೆಬ್ರುವರಿ 2ರಂದು ಹಬ್ಬ. ಸಂತ ಫ್ರಾನ್ಸಿಸರ ಚಿಕ್ಕ ಇಗರ್ಜಿಗೆ ಅಕ್ಟೋಬರ 4ರಂದು. ಜನ ದೋಣಿ ಕಟ್ಟಿಕೊಂಡು ಹೋಗುತ್ತಿದ್ದರು. ಅಂಕೋಲೆಯ ಆರ್ಯಾದುರ್ಗೆಯ ಭಕ್ತರನ್ನು ಕೇಳಿದರೆ, ತಾಯಿಯ ಮೂಲಸ್ಥಾನವೂ ಅದೇ, ಪೋರ್ತುಗೀಜರ ಕಾಟಕ್ಕೆ ಈಚೆ ಬಂದಳು ಎನ್ನುತ್ತಾರೆ. ಈಗ ಆ ನೆಲ ನೌಕಾದಳದ ವಶ, ಸಾಮಾನ್ಯರಿಗೆ ಪ್ರವೇಶವಿಲ್ಲ. ಕಡಲಿಗೆ ಕಲ್ಲಿನ ಒಡ್ಡು ಹಾಕಿ ನಡುಗಡ್ಡೆಯನ್ನು ದಂಡೆಗೆ ಜೋಡಿಸಿದ್ದಾರೆ. ದೋಣಿಯಿಲ್ಲದೆ ಹೋಗುವ ದಾರಿಯಾಯಿತು, ಹೋಗುವ ಹಕ್ಕು ಮಾತ್ರ ಹೋಯಿತು!

ಅದು ಗೋವೆಯ ಕಿರಿಸ್ತಾನರ ಗೋಳು, ನಮಗೇನು ಎನ್ನುವವರಿದ್ದಾರೆ. ನಾಳೆ ಶಿರಹಟ್ಟಿಯ ಫಕೀರೇಶ್ವರ ಮಠದ ಸುತ್ತ ತಂತಿಬೇಲಿ ಬಿದ್ದರೆ? ಹಿಂದೂ ಮುಸಲ್ಮಾನ ಇಬ್ಬರೂ ಹೊರಗೆ ನಿಲ್ಲಬೇಕಾದೀತು. ಲಕ್ಷ್ಮೇಶ್ವರದ ಸೋಮೇಶ್ವರನ ಗುಡಿಗೆ ಪಾಸು ಕೇಳಿದರೆ? ಜಾತ್ರೆ ಎಂದರೆ ಬರೀ ಪೂಜೆಯಲ್ಲ. ಬಳೆಗಾರನಿಗೆ, ಬೆಂಡು-ಬತ್ತಾಸಿನವನಿಗೆ ಅದು ವರ್ಷದ ಗಳಿಕೆ. ಗಿರಣಿಯ ಕೂಲಿಗೆ ಬೀಗರ ಮುಖ ಕಾಣುವ ದಿನ. ಗುಂಟೆಗೆ ಇಷ್ಟು ರೂಪಾಯಿ ಎಂದು ಲೆಕ್ಕ ಹಾಕುವ ಕಾಗದದಲ್ಲಿ ಇದಕ್ಕೆ ಜಾಗವೇ ಇಲ್ಲ.

ಮುಂಡರಗಿ ತಾಲೂಕಿನ ಹಳ್ಳಿಗುಡಿಯವರಿಗೆ 2011 ನೆನಪಿದೆ. ಪೋಸ್ಕೊ ಉಕ್ಕಿನ ಕಾರಖಾನೆಗೆ ಹೊಲ ಕೇಳಿದಾಗ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, ರೈತರು ಗಟ್ಟಿಯಾದರು, ಸರಕಾರ ಹಿಂದೆ ಸರಿಯಿತು. ಆದರೆ ಕಂಪನಿಯ ಎದುರು ಬಾಯಿ ತೆರೆದ ಹಾಗೆ ಇಲ್ಲಿ ತೆರೆಯುವುದು ಕಷ್ಟ. ದೇಶರಕ್ಷಣೆ ಎಂದೊಡನೆ ಪ್ರಶ್ನೆ ಕೇಳಿದವನೇ ಅಪರಾಧಿ.

ಉಪಾಯವಿಲ್ಲವೆಂದಲ್ಲ. ಬೆಳಗಾವಿ ಕೋಟೆಯಲ್ಲಿ ಸೈನ್ಯವಿದೆ. ಒಳಗಿನ 1204ರ ಕಮಲ ಬಸದಿಗೆ ಜನ ಹೋಗಿ ಬರುತ್ತಾರೆ, ಕೋಟೆಗೇನೂ ಆಗಿಲ್ಲ. ಅಮೇರಿಕೆಯ ನೌಕಾದಳ ಹವಾಯಿಯ ಕಹೊಲಾವೆ ದ್ವೀಪದ ಮೇಲೆ ಬಾಂಬು ಹಾಕಿ ಅಭ್ಯಾಸ ನಡೆಸುತ್ತಿತ್ತು. ಅಲ್ಲಿಯ ಮೂಲನಿವಾಸಿಗಳು ಕೋರ್ಟಿಗೆ ಹೋಗಿ 1980ರಲ್ಲಿ ಒಪ್ಪಂದ ಮಾಡಿಸಿಕೊಂಡರು, ಪೂಜೆಗೆ ಹೋಗುವ ಹಕ್ಕನ್ನು ಅದರಲ್ಲಿ ಬರೆಸಿದರು. 1990ರಲ್ಲಿ ಬಾಂಬು ಹಾಕುವುದೂ ನಿಂತಿತು.

ಅಂಜದೀವಕ್ಕೆ ವರ್ಷದಲ್ಲಿ ಎರಡು ದಿನ ಜನರನ್ನು ಬಿಡಲಿ. ಹೆಸರು ಬರೆದುಕೊಳ್ಳಲಿ, ಗುರುತಿನ ಚೀಟಿ ನೋಡಲಿ, ಬೇಕಾದರೆ ಜೊತೆಗೆ ಕಾವಲಿನವರನ್ನೂ ಕಳಿಸಲಿ. ಆದರೆ ಅದು ಸಾಹೇಬರ ಮರ್ಜಿಯ ಮೇಲೆ ನಿಲ್ಲಬಾರದು; ಒಬ್ಬರು ಬಿಟ್ಟಾರು, ಮುಂದೆ ಬಂದವರು ಬಾಗಿಲು ಹಾಕಿಯಾರು. ರಕ್ಷಣಾ ಖಾತೆ ತಾರೀಖು ಹಾಕಿ ಲಿಖಿತ ಹುಕುಂ ಹೊರಡಿಸಬೇಕು. ಉತ್ತರ ಕನ್ನಡದ ಮತ್ತು ಗೋವೆಯ ಸಂಸದರು ಲೋಕಸಭೆಯಲ್ಲಿ ಇದನ್ನು ಕೇಳಲಿ. ಓಟಿಗೆ ಬಂದಾಗ ನಮ್ಮ ಹಾವೇರಿ ಕ್ಷೇತ್ರದವರನ್ನು ನಾವೂ ಕೇಳೋಣ.